ಸೈರನ್ ಕೇಳಿದಾಗ ಏನು ಮಾಡಬೇಕು: ತಲಪಾಡಿಯಿಂದ ತೃಕ್ಕರಿಪುರದವರೆಗಿನ ಚಾಲಕರಿಗೆ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಹೃದಯಾಘಾತವಾಗಲಿ, ಪಾರ್ಶ್ವವಾಯುವಾಗಲಿ, ತಲೆಗೆ ಬಿದ್ದ ಪೆಟ್ಟಾಗಲಿ, ನಮ್ಮ ಜಿಲ್ಲೆಯ ಉತ್ತರ ಭಾಗದ ಮನೆಯವರು ಮೊದಲು ನೆನೆಯುವುದು ಮಂಗಳೂರನ್ನೇ. ದಕ್ಷಿಣದವರು ಕಣ್ಣೂರು ಜಿಲ್ಲೆಯ ಪರಿಯಾರಂ ವೈದ್ಯಕೀಯ ಕಾಲೇಜಿನ ಕಡೆಗೆ ಓಡುತ್ತಾರೆ. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. ಈ ಓಟ ಮಾತ್ರ ನಿಂತಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ಕರ್ನಾಟಕದ ಗಡಿ ಮುಚ್ಚಿ ಆಂಬುಲೆನ್ಸ್‌ಗಳು ತಲಪಾಡಿಯಿಂದ ಹಿಂದೆ ಬರಬೇಕಾಗಿ ಬಂದಾಗ ಆ ಒಂದು ರಸ್ತೆ ನಮಗೆಷ್ಟು ಮುಖ್ಯ ಎಂಬುದು ಕೇರಳ ಹೈಕೋರ್ಟಿನವರೆಗೂ ಮುಟ್ಟಿತು. ಗಡಿ ತೆರೆದಿರುವ ದಿನಗಳಲ್ಲಿ ಆ ದಾರಿಯನ್ನು ತೆರೆಯುವವರು ಅಥವಾ ಮುಚ್ಚುವವರು ನಾವೇ, ಸ್ಟೀರಿಂಗ್ ಹಿಡಿದವರು.

ನಮ್ಮಲ್ಲಿ ದಾರಿ ಬಿಡುವ ಮನಸ್ಸಿಗೆ ಕೊರತೆಯಿಲ್ಲ. ಕೊರತೆ ಇರುವುದು ಕ್ರಮದಲ್ಲಿ. ಒಬ್ಬರು ಎಡಕ್ಕೆ ಸರಿಯುತ್ತಾರೆ, ಮತ್ತೊಬ್ಬರು ಬಲಕ್ಕೆ, ಮೂರನೆಯವರು ಗಾಬರಿಯಿಂದ ಇದ್ದಲ್ಲೇ ಬ್ರೇಕ್ ಒತ್ತುತ್ತಾರೆ. ಮೂವರ ಉದ್ದೇಶವೂ ಒಳ್ಳೆಯದು, ಆಂಬುಲೆನ್ಸ್ ಮಾತ್ರ ಮಧ್ಯದಲ್ಲಿ ಸಿಕ್ಕಿಬೀಳುತ್ತದೆ. ಸೈರನ್ ಯಾರನ್ನೂ ತಳ್ಳಿ ಮುಂದೆ ಹೋಗುವ ಯಂತ್ರವಲ್ಲ, ಅದು ಜಾಗ ಕೇಳುವ ಸದ್ದು. ಆ ಜಾಗವನ್ನು ವಾಹನ ಹತ್ತಿರ ಬರುವ ಮೊದಲೇ ಮಾಡಿಕೊಡಬೇಕು, ಸಮಾಧಾನದಿಂದ ಮಾಡಿಕೊಡಬೇಕು.

ದೀಪವನ್ನು ಓದುವುದು

2017ರ ಮೇ 1ರಿಂದ ಮಂತ್ರಿಗಳ, ಅಧಿಕಾರಿಗಳ ಕಾರಿನ ಮೇಲಿನ ಕೆಂಪು ದೀಪ ಹೋಯಿತು. ಅದರಿಂದ ಆದ ದೊಡ್ಡ ಉಪಕಾರವೆಂದರೆ, ಈಗ ಮಿನುಗುವ ದೀಪ ಕಂಡರೆ ಅದು ತುರ್ತು ಕೆಲಸದ ವಾಹನ ಎಂದು ನಂಬಬಹುದು. ಅಗ್ನಿಶಾಮಕ ದಳ ಮತ್ತು ಪೊಲೀಸರ ವಾಹನಗಳಲ್ಲಿ ಕೆಂಪು, ನೀಲಿ, ಬಿಳಿ ಬಣ್ಣಗಳ ಮಿಶ್ರ ದೀಪ ಇರುತ್ತದೆ. ಆಂಬುಲೆನ್ಸ್‌ಗೆ ಮೋಟಾರು ವಾಹನ ನಿಯಮಗಳಲ್ಲಿ ಹೇಳಿದ್ದು ನೇರಳೆ ಗಾಜಿನೊಳಗೆ ಮಿನುಗುವ ಕೆಂಪು ದೀಪ. ಇಂದು ರಸ್ತೆಯಲ್ಲಿ ಹೆಚ್ಚಾಗಿ ಕಾಣುವುದು ಎಲ್‌ಇಡಿ ಪಟ್ಟಿಗಳು.

ಕೆಂಪಿನ ಜೊತೆ ನೀಲಿ ಸೇರಿಸುವುದು ಅಂದಕ್ಕಲ್ಲ. ಹಗಲಿನ ಬಿಸಿಲಿನಲ್ಲಿ ಕೆಂಪು ಚೆನ್ನಾಗಿ ಎದ್ದು ಕಾಣುತ್ತದೆ. ಮುಸ್ಸಂಜೆಯ ನಂತರ ನಮ್ಮ ಕಣ್ಣು ನೀಲಿಗೆ ಹೆಚ್ಚು ಸ್ಪಂದಿಸುತ್ತದೆ, ಕೆಂಪು ಮಂಕಾಗುತ್ತದೆ. ಅಲ್ಲದೆ ಕೆಂಪು ದೀಪ ಎಂದರೆ ನಮ್ಮ ಮೆದುಳಿಗೆ ಮುಂದಿನ ವಾಹನದ ಬ್ರೇಕ್ ದೀಪ; ನೂರಾರು ಕೆಂಪು ಚುಕ್ಕೆಗಳ ನಡುವೆ ಇನ್ನೊಂದು ಕೆಂಪು ಕಳೆದುಹೋಗುತ್ತದೆ, ನೀಲಿ ಕಳೆದುಹೋಗುವುದಿಲ್ಲ.

ಹಳದಿ ದೀಪ ಬೇರೆ. ಜೆಸಿಬಿ, ಕ್ರೇನ್, ಹೆದ್ದಾರಿ ಕಾಮಗಾರಿಯ ವಾಹನಗಳ ಮೇಲೆ ತಿರುಗುವ ಹಳದಿ ದೀಪ ದಾರಿ ಕೇಳುತ್ತಿಲ್ಲ, ‘ನಾನು ನಿಧಾನ, ನೋಡಿಕೊಂಡು ಬಾ’ ಎನ್ನುತ್ತಿದೆ. ಹೆದ್ದಾರಿ 66ರ ಅಗಲೀಕರಣ ಶುರುವಾದ ಮೇಲೆ ಇದನ್ನು ನಮ್ಮಷ್ಟು ನೋಡಿದವರು ಕಡಿಮೆ.

ದೀಪ ಉರಿಯುತ್ತಿದೆ, ಸೈರನ್ ಇಲ್ಲ. ಆಗ? ರೋಗಿಯನ್ನು ಗಾಬರಿಪಡಿಸಬಾರದೆಂದು ಚಾಲಕ ಸದ್ದು ನಿಲ್ಲಿಸಿರಬಹುದು, ಅಥವಾ ರಸ್ತೆ ಖಾಲಿ ಇದೆ ಎಂದು ನಿಲ್ಲಿಸಿರಬಹುದು. ನೀವು ದಾರಿ ಬಿಡುವುದೇ ಸರಿ. ದೀಪವೂ ಇಲ್ಲ, ಸದ್ದೂ ಇಲ್ಲದೆ ಸಾಮಾನ್ಯ ವೇಗದಲ್ಲಿ ಹೋಗುತ್ತಿದ್ದರೆ ಅದು ಎಲ್ಲರಂತೆ ಒಂದು ವಾಹನ, ಅಷ್ಟೇ.

ಸದ್ದನ್ನು ಓದುವುದು

ಒಂದೇ ಸೈರನ್‌ನಲ್ಲಿ ಹಲವು ರಾಗಗಳಿವೆ. ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಉದ್ದನೆಯ ಕೂಗು ನೇರ ರಸ್ತೆಗೆ. ಗಡಿಬಿಡಿಯಿಂದ ಏರಿಳಿಯುವ ಚುಟುಕು ಕೂಗು ಕೂಡುರಸ್ತೆಗೆ, ಪೇಟೆಗೆ, ದಟ್ಟಣೆಗೆ. ಎರಡೇ ಸ್ವರಗಳು ಸರದಿಯಂತೆ ಬರುವ ಸದ್ದು ಮೂರನೆಯದು. ಅನುಭವಿ ಚಾಲಕ ಒಂದೇ ರಾಗವನ್ನು ಹಿಡಿದು ಕೂರುವುದಿಲ್ಲ. ಕಿವಿ ಒಂದೇ ಸದ್ದಿಗೆ ಬೇಗ ಒಗ್ಗಿಹೋಗುತ್ತದೆ. ರಾಗ ಬದಲಾದರೆ ಮತ್ತೆ ಎಚ್ಚರವಾಗುತ್ತದೆ. ಆದ್ದರಿಂದ ನಿಮ್ಮ ಹಿಂದೆ ಉದ್ದನೆಯ ಕೂಗು ತಟ್ಟನೆ ಚುಟುಕಾಯಿತೆಂದರೆ, ಮುಂದೆ ಕೂಡುರಸ್ತೆ ಇರಬಹುದು, ಇಲ್ಲವೇ ನೀವು ಅಡ್ಡ ಇದ್ದೀರಿ.

ಸೈರನ್ ದೂರದಿಂದಲೇ ಕೇಳಿಸುತ್ತದೆ ಎಂಬ ಭರವಸೆ ಬೇಡ. ಸದ್ದಿನ ಮೂಲದಿಂದ ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗಾಜು ಏರಿಸಿದ ಕಾರಿನ ಮೈ ಉಳಿದದ್ದರಲ್ಲಿ ದೊಡ್ಡ ಪಾಲನ್ನು ತಡೆಯುತ್ತದೆ. ಅದರ ಮೇಲೆ ಎ.ಸಿ.ಯ ಫ್ಯಾನು, ಟೈರಿನ ಸದ್ದು, ಹಾಡು, ಜೂನ್-ಜುಲೈಯಲ್ಲಿ ಛಾವಣಿಗೆ ಬಡಿಯುವ ಮಳೆ. ನಿಮಗೆ 100 ಮೀಟರ್ ದೂರದಲ್ಲಿ ಸೈರನ್ ಕೇಳಿಸಿತು ಎಂದು ಇಟ್ಟುಕೊಳ್ಳಿ. ನೀವು ಗಂಟೆಗೆ 60 ಕಿ.ಮೀ. ವೇಗದಲ್ಲಿ, ಹಿಂದಿನಿಂದ ಬರುವ ಆಂಬುಲೆನ್ಸ್ 100ರಲ್ಲಿ ಇದ್ದರೆ ಅದು ನಿಮ್ಮನ್ನು ಮುಟ್ಟಲು 9 ಸೆಕೆಂಡ್ ಬೇಕು. ಅದೇ ವೇಗಗಳಲ್ಲಿ ಅದು ಎದುರಿನಿಂದ ಬರುತ್ತಿದ್ದರೆ ನಿಮ್ಮ ಕೈಯಲ್ಲಿರುವುದು ಎರಡು ಸೆಕೆಂಡ್ ಚಿಲ್ಲರೆ. ಹಾಗಾಗಿ ಕಿವಿಗಿಂತ ಕನ್ನಡಿಯನ್ನು ಹೆಚ್ಚು ನಂಬಿ. ಮಳೆಗಾಲದಲ್ಲಿ ಹಾಡಿನ ಸದ್ದು ಇಳಿಸಿ, ಚಾಲಕನ ಬದಿಯ ಗಾಜನ್ನು ಎರಡು ಬೆರಳು ತಗ್ಗಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ನಮ್ಮ ನೆಲಕ್ಕೇ ಸೇರಿದ ಇನ್ನೊಂದು ತೊಂದರೆ ಇದೆ. ಗುಡ್ಡ ಕಡಿದು ಮಾಡಿದ ರಸ್ತೆಗಳಲ್ಲಿ ಎರಡೂ ಬದಿಗೆ ಮುರಕಲ್ಲಿನ ಗೋಡೆ. ಸದ್ದು ಆ ಗೋಡೆಗಳಿಗೆ ಬಡಿದು ವಾಪಸು ಬರುತ್ತದೆ. ಮುಂದಿನಿಂದ ಬರುತ್ತಿದೆಯೋ ಹಿಂದಿನಿಂದ ಬರುತ್ತಿದೆಯೋ ತಿಳಿಯುವುದಿಲ್ಲ. ದಿಕ್ಕು ತಿಳಿಯದಿದ್ದರೆ ಊಹಿಸಬೇಡಿ. ವೇಗ ಇಳಿಸಿ, ಎಡಕ್ಕೆ ಹತ್ತಿರವಾಗಿ, ದೀಪ ಕಣ್ಣಿಗೆ ಬೀಳುವವರೆಗೆ ಕಾಯಿರಿ. ಪೇಟೆಯ ಕಟ್ಟಡಗಳ ನಡುವೆಯೂ ಇದೇ ಕತೆ.

ದಾರಿ ಬಿಡುವ ಕ್ರಮ

1. ಮೊದಲು ಕಾಲನ್ನು ಆಕ್ಸಿಲರೇಟರ್‌ನಿಂದ ತೆಗೆಯಿರಿ. ಬ್ರೇಕ್ ಮೇಲೆ ಒಮ್ಮೆಲೇ ಹಾಕಬೇಡಿ. ನಿಮ್ಮ ಹಿಂದಿರುವ ಬೈಕಿನವನಿಗೆ ಇನ್ನೂ ಸೈರನ್ ಕೇಳಿಸಿರಲಿಕ್ಕಿಲ್ಲ.

2. ಮೂರೂ ಕನ್ನಡಿ ನೋಡಿ. ವಿಶೇಷವಾಗಿ ಎಡಗನ್ನಡಿ, ಏಕೆಂದರೆ ನೀವು ಸರಿಯಬೇಕಾದ ಜಾಗದಲ್ಲಿ ಸ್ಕೂಟರ್ ನುಸುಳಿರುತ್ತದೆ.

3. ಎಡ ಇಂಡಿಕೇಟರ್ ಹಾಕಿ. ಈ ಒಂದು ಕೆಲಸವನ್ನು ಹೆಚ್ಚಿನವರು ಬಿಡುತ್ತಾರೆ, ಆದರೆ ಆಂಬುಲೆನ್ಸ್ ಚಾಲಕ ಕಾಯುತ್ತಿರುವುದು ಅದಕ್ಕೇ. ನೀವು ಅವನನ್ನು ನೋಡಿದ್ದೀರಿ, ಯಾವ ಕಡೆಗೆ ಹೋಗುತ್ತೀರಿ ಎರಡೂ ಅವನಿಗೆ ಒಂದೇ ಹೊತ್ತಿಗೆ ತಿಳಿಯುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸಿದರೆ ದಿಕ್ಕು ತಿಳಿಯುವುದಿಲ್ಲ.

4. ಎಡಕ್ಕೆ ಸರಿದು ನಿಧಾನಿಸಿ, ರಸ್ತೆ ಕಿರಿದಾಗಿದ್ದರೆ ನಿಲ್ಲಿ. ತಿರುವಿನಲ್ಲಿ, ಏರಿನ ತುದಿಯಲ್ಲಿ, ಸೇತುವೆಯ ಮೇಲೆ ನಿಲ್ಲಬೇಡಿ. ಅಲ್ಲಿ ನೀವು ನಿಂತರೆ ಅವನು ಎದುರು ಏನಿದೆ ಎಂದು ಕಾಣದೆಯೇ ನಿಮ್ಮನ್ನು ದಾಟಬೇಕಾಗುತ್ತದೆ. ಅದೇ ವೇಗದಲ್ಲಿ ಸ್ವಲ್ಪ ಮುಂದೆ ಹೋಗಿ, ನೇರ ಜಾಗ ಸಿಕ್ಕಿದಲ್ಲಿ ಬಿಡಿ. ನಾಲ್ಕು ಸೆಕೆಂಡ್ ತಡವಾದರೆ ಅಡ್ಡಿಯಿಲ್ಲ.

5. ಅದು ದಾಟಿದ ಕೂಡಲೇ ರಸ್ತೆಗೆ ಇಳಿಯಬೇಡಿ. ಹಿಂದೆ ಇನ್ನೊಂದು ಇರಬಹುದು. ಅಪಘಾತಕ್ಕೆ ಎರಡು ಆಂಬುಲೆನ್ಸ್, ಬೆಂಕಿಗೆ ಎರಡು ವಾಹನ ಹೊರಡುವುದು ಸಾಮಾನ್ಯ, ಮತ್ತು ಎರಡರ ಸದ್ದೂ ಒಂದೇ ರಾಗದಲ್ಲಿದ್ದರೆ ಒಂದರೊಳಗೆ ಒಂದು ಕರಗಿ ಒಂದೇ ವಾಹನದಂತೆ ಕೇಳುತ್ತದೆ.

ಇದು ಸೌಜನ್ಯದ ಮಾತಷ್ಟೇ ಅಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಇ ವಿಧಿಯ ಪ್ರಕಾರ ತುರ್ತು ವಾಹನಕ್ಕೆ ದಾರಿ ಬಿಡದವರಿಗೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ.

ರಸ್ತೆಗೆ ತಕ್ಕಂತೆ

ಷಟ್ಪಥ ಹೆದ್ದಾರಿಯಲ್ಲಿ ಆಂಬುಲೆನ್ಸ್ ಸಾಮಾನ್ಯವಾಗಿ ವಿಭಜಕಕ್ಕೆ ತಾಗಿದ ಬಲಬದಿಯ ಸಾಲಿನಲ್ಲಿ ಬರುತ್ತದೆ. ನಮ್ಮಲ್ಲಿ ಆ ಸಾಲನ್ನು 60ರ ವೇಗದಲ್ಲಿ ಹಿಡಿದುಕೊಂಡು ಹೋಗುವವರು ಬಹಳ. ಲಾರಿಗಳಂತೂ ಅದನ್ನು ತಮ್ಮದೆಂದೇ ತಿಳಿದಿವೆ. ಹಿಂದಿಕ್ಕಲು ಮಾತ್ರ ಬಲಕ್ಕೆ ಬನ್ನಿ, ಮುಗಿದ ಮೇಲೆ ಎಡಕ್ಕೆ ಮರಳಿ. ಈ ಒಂದು ಅಭ್ಯಾಸವಿದ್ದರೆ ಸೈರನ್ ಬಂದಾಗ ನೀವು ಏನೂ ಮಾಡಬೇಕಾಗಿಲ್ಲ, ದಾರಿ ಆಗಲೇ ಇರುತ್ತದೆ. ಗೋಡೆಯಂತಹ ವಿಭಜಕ ಇರುವಲ್ಲಿ ಎದುರು ಬದಿಯ ರಸ್ತೆಯಲ್ಲಿರುವವರು ನಿಲ್ಲುವ ಅಗತ್ಯವಿಲ್ಲ. ಸರ್ವಿಸ್ ರಸ್ತೆಯಲ್ಲಿ ಮಾತ್ರ ಜಾಗ್ರತೆ. ಅದು ಕಿರಿದು, ಎರಡೂ ದಿಕ್ಕಿಗೆ ವಾಹನ ಓಡುತ್ತವೆ, ಬದಿಯಲ್ಲಿ ಅಂಗಡಿಗೆ ಬಂದವರ ಕಾರು ಇರುತ್ತದೆ. ಅಂಡರ್‌ಪಾಸ್ ಬಾಯಿಯಲ್ಲಿ ಕಾರು ನಿಲ್ಲಿಸಿ ಮೀನು ಕೊಳ್ಳಲು ಇಳಿಯುವವರಿಗೆ ಪ್ರತ್ಯೇಕವಾಗಿ ಹೇಳುತ್ತಿದ್ದೇನೆ: ಆಂಬುಲೆನ್ಸ್‌ಗೆ ಹೆದ್ದಾರಿಯ ಈ ಬದಿಯಿಂದ ಆ ಬದಿಗೆ ದಾಟಲು ಇರುವ ಬಾಗಿಲು ಅದೊಂದೇ.

ಕುಂಬಳೆ-ಬದಿಯಡ್ಕ-ಮುಳ್ಳೇರಿಯ ಅಥವಾ ಚೆರ್ಕಳ-ಜಾಲ್ಸೂರು ರಸ್ತೆಗಳಲ್ಲಿ ಆಟ ಬೇರೆ. ಇಲ್ಲಿ ಹಿಂದಿನವರು ಎಷ್ಟು ಮುಖ್ಯವೋ ಎದುರಿನವರೂ ಅಷ್ಟೇ ಮುಖ್ಯ. ನಿಮ್ಮ ಎದುರಿನಿಂದ ಆಂಬುಲೆನ್ಸ್ ಬರುತ್ತಿದೆ, ಅದರ ಮುಂದೆ ಬಸ್ಸು ಇದೆ ಎಂದಾದರೆ, ನೀವು ಎಡಕ್ಕೆ ಇಳಿದು ನಿಂತರೆ ಮಾತ್ರ ಅದು ಬಸ್ಸನ್ನು ದಾಟಬಲ್ಲದು. ಇಳಿಯುವ ಮೊದಲು ರಸ್ತೆಯ ಅಂಚು ನೋಡಿ. ಹೊಸ ಡಾಂಬರಿನ ಪಕ್ಕದಲ್ಲಿ ಗೇಣು ತಗ್ಗು, ಮಳೆಗಾಲದಲ್ಲಿ ಹುಲ್ಲು ಮುಚ್ಚಿದ ಚರಂಡಿ, ಚಕ್ರ ಹೂತುಹೋಗುವ ಕೆಂಪು ಕೆಸರು. ದಾರಿ ಬಿಡಲು ಹೋಗಿ ಚರಂಡಿಗೆ ಬಿದ್ದರೆ ಆಂಬುಲೆನ್ಸ್‌ಗೆ ಇನ್ನೊಬ್ಬ ರೋಗಿ ಸಿಕ್ಕಿದಂತೆ. ಪೂರ್ತಿ ಇಳಿಯಲಾಗದಿದ್ದರೆ ಎರಡು ಚಕ್ರ ಇಳಿಸಿದರೂ ಸಾಕು.

ಸಿಗ್ನಲ್ ಕೆಂಪಿದ್ದು, ಹಿಂದೆ ಸೈರನ್ ಕೂಗುತ್ತಿದ್ದರೆ? ಕೇರಳದಲ್ಲಿ 2023ರಿಂದ ಕ್ಯಾಮರಾ ದಂಡದ ಭಯ ಎಲ್ಲರಿಗೂ ಇದೆ. ಕ್ಯಾಮರಾ ಇಲ್ಲದಿದ್ದರೂ ಕೆಂಪು ದಾಟಿ ನುಗ್ಗಬಾರದು. ಅಡ್ಡರಸ್ತೆಯವನಿಗೆ ಹಸಿರು ಇದೆ, ಅವನು ನಿಮಗಾಗಿ ನಿಲ್ಲುವುದಿಲ್ಲ. ಗೆರೆಯೊಳಗೇ ಎಡಕ್ಕೆ ಒತ್ತಿಕೊಳ್ಳಿ, ಪಕ್ಕದ ಸಾಲಿನವರಿಗೆ ಬಲಕ್ಕೆ ಒತ್ತಲು ಕೈಸನ್ನೆ ಮಾಡಿ, ನಡುವೆ ಒಂದು ವಾಹನದಷ್ಟು ಸೀಳು ಮಾಡಿ. ಪೊಲೀಸರು ಕೈ ತೋರಿಸಿ ಮುಂದೆ ಬಾ ಎಂದರೆ ಆಗ ಹೋಗಿ. ಇದಕ್ಕೆ ಪೂರ್ವತಯಾರಿ ಬೇಕು: ನಿಲ್ಲುವಾಗಲೇ ಮುಂದಿನ ಕಾರಿನ ಹಿಂದಿನ ಟೈರು ಕಾಣುವಷ್ಟು ಅಂತರ ಬಿಟ್ಟಿರಬೇಕು. ಅಂಟಿಕೊಂಡು ನಿಂತವನಿಗೆ ಸ್ಟೀರಿಂಗ್ ತಿರುಗಿಸಲೂ ಜಾಗವಿರುವುದಿಲ್ಲ.

ಇನ್ನು ರೈಲ್ವೆ ಗೇಟು. ಕರಾವಳಿಯುದ್ದಕ್ಕೂ ಹಳಿ ಹೆದ್ದಾರಿಯ ಪಕ್ಕದಲ್ಲೇ ಓಡುತ್ತದೆ, ಹಳಿಯಾಚೆ ಸಾವಿರಾರು ಮನೆಗಳಿವೆ. ಸೈರನ್ ಎಷ್ಟು ಕೂಗಿದರೂ ಗೇಟು ತೆರೆಯುವುದಿಲ್ಲ. ಅದು ರೈಲಿನ ಸಿಗ್ನಲ್ ಜೊತೆ ಬೆಸೆದುಕೊಂಡಿದೆ, ಗೇಟ್‌ಮನ್‌ನನ್ನು ಬೈದು ಪ್ರಯೋಜನವಿಲ್ಲ. ನಾವು ಮಾಡಬಹುದಾದದ್ದು ಇಷ್ಟು: ಗೇಟು ಬಿದ್ದಾಗ ಬಲಬದಿಯನ್ನೂ ತುಂಬಿಸಿ ನಿಲ್ಲದಿರುವುದು. ಎರಡೂ ಕಡೆಯವರು ರಸ್ತೆಯಗಲಕ್ಕೂ ನಿಂತರೆ ಗೇಟು ತೆರೆದ ಮೇಲೂ ಯಾರೂ ಅಲ್ಲಾಡಲಾಗದ ಗಂಟು ಬೀಳುತ್ತದೆ. ಬಲಬದಿ ಖಾಲಿ ಇದ್ದರೆ ಆಂಬುಲೆನ್ಸ್ ಸಾಲಿನ ತುದಿಗೆ ಬಂದು ನಿಂತು, ಗೇಟು ಎದ್ದ ಕ್ಷಣ ಮೊದಲನೆಯದಾಗಿ ದಾಟುತ್ತದೆ.

ಬೈಕಿನವರಿಗೆ ಒಂದು ಮಾತು. ಆಂಬುಲೆನ್ಸ್ ತೆರೆದ ದಾರಿಯಲ್ಲಿ ಅದರ ಬೆನ್ನಿಗೆ ಬಿದ್ದು ಹೋಗುವುದು ಚಾಲಾಕಿತನವಲ್ಲ. ಅದು ಎಲ್ಲಿ ತಟ್ಟನೆ ಬ್ರೇಕ್ ಹಾಕುತ್ತದೆ ಎಂದು ನಿಮಗೆ ಗೊತ್ತಿಲ್ಲ, ದಾರಿ ಬಿಟ್ಟವರು ಅದು ಹೋದ ಕೂಡಲೇ ಬಲಕ್ಕೆ ಬರುತ್ತಾರೆ, ನೀವು ಅಲ್ಲಿರುತ್ತೀರಿ.

ಬಿಳಿ ಬಟ್ಟೆ ಬೀಸುವ ಕಾರು

ನಮ್ಮ ಊರುಗಳಲ್ಲಿ ರೋಗಿಗಳನ್ನು ಆಂಬುಲೆನ್ಸ್‌ಗೆ ಕಾಯದೆ ಕಾರು, ಜೀಪು, ಆಟೋಗಳಲ್ಲಿ ಸಾಗಿಸುವುದು ಸಾಮಾನ್ಯ. ಹಗಲಲ್ಲೂ ಉರಿಯುವ ಹೆಡ್‌ಲೈಟ್, ಬಿಡದೆ ಒತ್ತಿದ ಹಾರ್ನ್, ಕಿಟಕಿಯಿಂದ ಹೊರಗೆ ಬೀಸುವ ಬಿಳಿ ಕರವಸ್ತ್ರ ಅಥವಾ ಟವೆಲ್: ಇದು ನಮ್ಮ ಸೈರನ್. ಕಾನೂನಿನ ಕಣ್ಣಿಗೆ ಅದು ತುರ್ತು ವಾಹನವಲ್ಲ, ಕೆಂಪು ಸಿಗ್ನಲ್ ದಾಟುವ ವಿನಾಯಿತಿ ಅದಕ್ಕಿಲ್ಲ. ಖಾಸಗಿ ವಾಹನಕ್ಕೆ ಸೈರನ್ ಅಳವಡಿಸುವಂತೆಯೂ ಇಲ್ಲ. ಬಹುಸ್ವರದ ಸದ್ದು ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದವುಗಳಿಗೆ ಮಾತ್ರ. ಆದರೂ ಬಟ್ಟೆ ಬೀಸುವವರಿಗೆ ದಾರಿ ಬಿಡಿ, ಅದಕ್ಕೆ ಯಾವ ವಿಧಿಯೂ ಬೇಕಾಗಿಲ್ಲ. ನೀವೇ ಬೀಸುವ ಸ್ಥಿತಿಯಲ್ಲಿದ್ದರೆ, ಓಡಿಸುವ ಕೆಲಸವನ್ನು ರೋಗಿಯ ಮಗನಿಗೋ ಗಂಡನಿಗೋ ಕೊಡಬೇಡಿ. ನೆರೆಮನೆಯ ಯಾರಾದರೂ ಸಮಾಧಾನವಿರುವವರಿಗೆ ಕೊಡಿ.

‘ಖಾಲಿ ಆಂಬುಲೆನ್ಸ್ ಸುಮ್ಮನೆ ಕೂಗಿಕೊಂಡು ಹೋಗುತ್ತದೆ’ ಎಂಬ ದೂರು ಚಹಾ ಅಂಗಡಿಗಳಲ್ಲಿ ಆಗಾಗ ಕೇಳಿಬರುತ್ತದೆ. ರೋಗಿಯನ್ನು ಕರೆತರಲು ಹೋಗುವ ವಾಹನ ಖಾಲಿಯೇ ಇರಬೇಕಲ್ಲ. ದುರುಪಯೋಗ ಇಲ್ಲವೆಂದಲ್ಲ, ಆದರೆ ರಸ್ತೆಯಲ್ಲಿ ನಿಂತು ಅದನ್ನು ತೀರ್ಮಾನಿಸುವ ಕೆಲಸ ನಮ್ಮದಲ್ಲ. ಅನುಮಾನವಿದ್ದರೆ ನಂಬರ್ ಬರೆದುಕೊಂಡು ಪೊಲೀಸರಿಗೆ ತಿಳಿಸಿ, ದಾರಿಯನ್ನು ಮೊದಲು ಬಿಡಿ.

ಹಾಗೆಂದು ಎಲ್ಲವೂ ವೇಗದಿಂದಲೇ ಆಗುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಕೊಚ್ಚಿಗೆ 15 ದಿನದ ಹಸುಳೆಯನ್ನು ಸುಮಾರು 400 ಕಿಲೋಮೀಟರ್ ದೂರ ಐದೂವರೆ ಗಂಟೆಯಲ್ಲಿ ಮುಟ್ಟಿಸಿದ್ದನ್ನು ಬಹಳ ಜನ ನೆನಪಿಟ್ಟಿದ್ದಾರೆ. ಅಲ್ಲಿ ಕೆಲಸ ಮಾಡಿದ್ದು ಸೈರನ್ ಒಂದೇ ಅಲ್ಲ. ಮುಂದಿನ ಊರಿಗೆ ಮೊದಲೇ ಸುದ್ದಿ ಹೋಗುತ್ತಿತ್ತು, ಪೊಲೀಸರೂ ಯುವಕರೂ ಕೂಡುರಸ್ತೆಗಳಲ್ಲಿ ಕಾದಿದ್ದರು.

ಜಾತ್ರೆ, ಉರೂಸ್, ಕಳಿಯಾಟ

ಉತ್ಸವದ ಸಂಜೆ ರಸ್ತೆಯ ಎರಡೂ ಬದಿಗೆ ವಾಹನ ನಿಲ್ಲಿಸಿ ನಡುವೆ ಒಂದು ಆಟೋ ಹೋಗುವಷ್ಟು ಜಾಗ ಬಿಡುವುದು ನಮ್ಮ ರೂಢಿ. ಅಗ್ನಿಶಾಮಕ ವಾಹನ ಲಾರಿಯಷ್ಟು ಅಗಲ, ನೀರು ತುಂಬಿದಾಗ ಟನ್‌ಗಟ್ಟಲೆ ಭಾರ. ತಟ್ಟನೆ ನಿಲ್ಲುವುದೂ ಕಷ್ಟ, ಓರೆಯಾಗಿ ನುಸುಳುವುದೂ ಸಾಧ್ಯವಿಲ್ಲ. ಸಿಡಿಮದ್ದು ಇರುವ ಜಾಗಕ್ಕೆ ಅದು ಬರಲಾಗದಂತೆ ಮಾಡುವುದು ಬುದ್ಧಿವಂತಿಕೆಯಲ್ಲ. ಸಮಿತಿಯವರು ಒಂದೇ ಬದಿಯಲ್ಲಿ ನಿಲ್ಲಿಸಲು ಹಗ್ಗ ಕಟ್ಟಬೇಕು, ತಿರುವುಗಳಲ್ಲಿ ನಿಲ್ಲಿಸಲೇ ಬಿಡಬಾರದು, ಮೈಕಿನಲ್ಲಿ ಕಾರಿನ ನಂಬರ್ ಕೂಗಿ ಕರೆಯುವ ಪರಿಸ್ಥಿತಿ ಬರದಂತೆ ಚಾಲಕರ ಮೊಬೈಲ್ ನಂಬರನ್ನು ಗಾಜಿನ ಒಳಗೆ ಇಡಲು ಹೇಳಬೇಕು.

ಬೆಂಕಿ ಅಥವಾ ಗ್ಯಾಸ್ ಟ್ಯಾಂಕರ್ ಉರುಳಿದ ಜಾಗದಲ್ಲಿ ದೀಪ ಮಿನುಗುತ್ತಿದ್ದರೆ ಅದರ ಅರ್ಥ ಹತ್ತಿರ ಬಂದು ನೋಡಿ ಎಂದಲ್ಲ. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ಸಿಡಿದದ್ದು ಇದೇ ಹೆದ್ದಾರಿಯಲ್ಲಿ. ಗ್ಯಾಸಿನ ವಾಸನೆ ಬಂದರೆ ಎಂಜಿನ್ ಆರಿಸಿ, ಮತ್ತೆ ಚಾಲೂ ಮಾಡದೆ, ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ನಡೆದು ದೂರ ಹೋಗಿ. ಫೋನಿನಲ್ಲಿ ಚಿತ್ರ ತೆಗೆಯಲು ನಿಲ್ಲಬೇಡಿ. ರಸ್ತೆಯ ಮೇಲೆ ಹಾಸಿದ ನೀರಿನ ಕೊಳವೆಯ ಮೇಲೆ ವಾಹನ ಹತ್ತಿಸಬೇಡಿ.

ನೀವೇ ಕರೆಯುವಾಗ

108ಕ್ಕೆ ಅಥವಾ 112ಕ್ಕೆ ಕರೆ ಮಾಡಿದಾಗ ಮೊದಲ ವಾಕ್ಯದಲ್ಲೇ ‘ಕೇರಳ, ಕಾಸರಗೋಡು ಜಿಲ್ಲೆ’ ಎಂದು ಹೇಳಿ, ಅನಂತರ ಪಂಚಾಯತಿನ ಹೆಸರು. ತಲಪಾಡಿ, ವರ್ಕಾಡಿ, ಪೈವಳಿಕೆ, ಅಡ್ಕಸ್ಥಳದಂತಹ ಗಡಿಯ ಜಾಗಗಳಲ್ಲಿ ಫೋನು ಕರ್ನಾಟಕದ ಟವರ್ ಹಿಡಿದಿದ್ದರೆ ಕರೆ ಆ ರಾಜ್ಯದ ಕೇಂದ್ರಕ್ಕೆ ಹೋಗಬಹುದು. ಎರಡೂ ರಾಜ್ಯಗಳಲ್ಲಿ 108 ಇದೆ, ವ್ಯವಸ್ಥೆ ಬೇರೆ ಬೇರೆ. ಮಲಯಾಳ ಸರಾಗವಾಗಿ ಬರುವವರು ಪಕ್ಕದಲ್ಲಿದ್ದರೆ ಮಾತು ಅವರಿಗೆ ಒಪ್ಪಿಸಿ. ವಾರ್ಡ್ ಸಂಖ್ಯೆ, ಹತ್ತಿರದ ಭಜನಾ ಮಂದಿರ ಅಥವಾ ಮಸೀದಿ, ರೇಷನ್ ಅಂಗಡಿ, ರೈಲ್ವೆ ಗೇಟಿನ ಯಾವ ಬದಿ ಎಂಬುದು ಇರಲಿ. ತೋಟದ ನಡುವಿನ ಮನೆಯಾದರೆ ಒಬ್ಬರನ್ನು ಮುಖ್ಯರಸ್ತೆಗೆ ಕಳುಹಿಸಿ. ರಾತ್ರಿಯಾದರೆ ಅವರ ಕೈಯಲ್ಲಿ ಟಾರ್ಚ್ ಇರಲಿ, ಬೆಳಕು ನೆಲಕ್ಕೆ ಬೀಳಲಿ, ಚಾಲಕನ ಕಣ್ಣಿಗಲ್ಲ. ಗೇಟು ತೆಗೆದಿಡಿ, ನಾಯಿ ಕಟ್ಟಿ, ಅಂಗಳದ ಕಾರು ಹೊರಗೆ ಹಾಕಿ.

ಆಂಬುಲೆನ್ಸ್ ಹೊರಟ ಮೇಲೆ ಮನೆಯವರ ಕಾರು ಅದರ ಹಿಂದೆಯೇ ಹೆಡ್‌ಲೈಟ್ ಹಾಕಿಕೊಂಡು ಓಡುವುದು ನಮ್ಮಲ್ಲಿ ಮಾಮೂಲು. ಆ ಕಾರಿಗೆ ಸೈರನ್ ಇಲ್ಲ, ಒಳಗಿರುವವರ ಮನಸ್ಸು ರಸ್ತೆಯಲ್ಲಿಲ್ಲ. ಒಬ್ಬರು ರೋಗಿಯ ಜೊತೆ ಹೋಗಲಿ. ಉಳಿದವರು ಯಾವ ಆಸ್ಪತ್ರೆ ಎಂದು ಕೇಳಿಕೊಂಡು, ರೋಗಿ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳು, ಹಳೆಯ ಚೀಟಿ, ಆಧಾರ್, ವಿಮೆಯ ಕಾರ್ಡು, ಬದಲಿ ಬಟ್ಟೆ, ಫೋನಿನ ಚಾರ್ಜರ್ ಎಲ್ಲವನ್ನೂ ಚೀಲಕ್ಕೆ ತುಂಬಿ, ಮನೆಗೆ ಬೀಗ ಹಾಕಿ, ಹತ್ತು ನಿಮಿಷ ತಡವಾಗಿ ಎಲ್ಲರ ವೇಗದಲ್ಲೇ ಹೊರಡಲಿ.